ವಾಂಗನುಯಿ ಹೊಳೆಯಲ್ಲಿ ಐದು ದಿನ

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ನಮ್ಮ ಮನೆಯಲ್ಲಿ ಹೊಳೆಯ ನೀರನ್ನು ಅಡಿ, ಕ್ಯೂಸೆಕ್ ಅಂತ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಸ್ನಾನಘಟ್ಟದ ಮೆಟ್ಟಿಲು ಎಣಿಸುತ್ತಿದ್ದರು. "ಇವತ್ತು ಮೂರೇ ಮೆಟ್ಟಿಲು ಕಾಣ್ತಿದೆ" ಅಂದರೆ ಹೊಳೆ ತುಂಬಿದೆ, ಮಕ್ಕಳು ಆ ಕಡೆ ಹೋಗಬಾರದು. ಮೆಟ್ಟಿಲು ಜಾಸ್ತಿ ಕಂಡರೆ ಬೇಸಿಗೆ ಬಂತು ಅಂತ ಅರ್ಥ. ಈ ಲೆಕ್ಕ ಕಳೆದ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಒಂದು ಹೊಳೆಯ ಮೇಲೆ ಇಷ್ಟು ನೆನಪಾಗುತ್ತದೆ ಅಂದುಕೊಂಡಿರಲಿಲ್ಲ.

ಬೆನ್ನಿಗೆ ಒಂದು ಬ್ಯಾಗು ಹಾಕಿಕೊಂಡು ಒಂದು ತಿಂಗಳು ಅಲ್ಲಿ ಸುತ್ತಿದೆ. ಓಹಕುನೆ ಅನ್ನುವ ಸಣ್ಣ ಊರಿನ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಮೂವರು ಸಿಕ್ಕರು. ಜರ್ಮನಿಯ ಡ್ರೆಸ್ಡನ್ನಿನ ಒಬ್ಬ ನರ್ಸಮ್ಮ, ಕೊರಿಯಾದ ಬುಸಾನಿನ ಕಾಲೇಜು ಹುಡುಗಿ, ಚಿಲಿ ದೇಶದ ಒಬ್ಬ ಬಡಗಿ ಹುಡುಗ. ವಾಂಗನುಯಿಯಲ್ಲಿ ಹೋಗೋಣ ಅಂತ ಅವರು ನಕಾಶೆ ಹರಡಿಕೊಂಡು ಕೂತಿದ್ದರು. ನಾಲ್ಕನೆಯವರು ಬೇಕಿತ್ತು. ನಾನು ದಾಂಡೇಲಿಯ ಕಾಳಿಯಲ್ಲಿ ಎರಡು ಸಲ, ಹೊನ್ನಾವರದ ಶರಾವತಿಯಲ್ಲಿ ಒಂದು ಸಲ ಕಯಾಕ್ ನಡೆಸಿದ್ದೆ. ಸಾಕು ಅಂದರು.

ವಾಂಗನುಯಿ 290 ಕಿಲೋಮೀಟರ್ ಉದ್ದದ ಹೊಳೆ. ಟೊಂಗರಿರೊ ಬೆಟ್ಟದ ಮೈಯಲ್ಲಿ ಹುಟ್ಟಿ ಟಾಸ್ಮನ್ ಸಮುದ್ರ ಸೇರುತ್ತದೆ. ನ್ಯೂಜಿಲೆಂಡ್ ಸರ್ಕಾರ ದೇಶದ ಅತಿ ಚೆಂದದ ಕಾಲುದಾರಿಗಳನ್ನು ಆರಿಸಿ 'ಗ್ರೇಟ್ ವಾಕ್' ಅಂತ ಹೆಸರಿಟ್ಟಿದೆ. ಆ ಪಟ್ಟಿಯಲ್ಲಿ ಈ ಹೊಳೆಯೂ ಇದೆ! ಟೌಮರುನುಯಿಯಿಂದ ಪಿಪಿರಿಕಿಯವರೆಗೆ 145 ಕಿಲೋಮೀಟರ್, ಐದು ದಿನ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸೀಸನ್. ಆಗ ರಾತ್ರಿ ತಂಗುವ ಜಾಗಗಳನ್ನೆಲ್ಲ ಮೊದಲೇ ಬುಕ್ ಮಾಡಿರಬೇಕು. ನಾವು ಎರಡು ಒಂಟಿ ಕಯಾಕ್ ಮತ್ತು ಇಬ್ಬರು ಕೂತು ಸಾಮಾನೂ ಹೊರಲು ಒಂದು ಕೆನಡಿಯನ್ ದೋಣಿ ಬಾಡಿಗೆಗೆ ತೆಗೆದುಕೊಂಡೆವು.

ಮೊದಲ ದಿನ: ಟೌಮರುನುಯಿಯಿಂದ ಓಹಿನೆಪಾನೆ, 22 ಕಿಲೋಮೀಟರ್

ಬೆಳಿಗ್ಗೆ ದಡದಲ್ಲಿ ಪಾಠ. ಬಟ್ಟೆ, ಅಕ್ಕಿ, ರವೆ, ಒಲೆ, ಗ್ಯಾಸು, ಎಲ್ಲವನ್ನೂ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತುಂಬಿ ಮುಚ್ಚಳ ಬಿಗಿದು ದೋಣಿಗೆ ಹಗ್ಗದಲ್ಲಿ ಕಟ್ಟಿದೆವು. ಆಮೇಲೆ ದೋಣಿ ಕೊಟ್ಟವರು ನೀರನ್ನು ಓದುವುದು ಹೇಗೆ ಅಂತ ಮರಳಿನ ಮೇಲೆ ಗೀಚಿ ತೋರಿಸಿದರು. ಅದು ನನಗೆ ತುಂಬಾ ಹಿಡಿಸಿತು. ನೀರು ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಂಡರೆ, ಅದರ ತೆರೆದ ಬಾಯಿ ನಿಮ್ಮ ಕಡೆಗಿದ್ದರೆ ಅದೇ ದಾರಿ, ನಡುವಿನಲ್ಲಿ ನುಗ್ಗಿ. ಚೂಪು ತುದಿ ನಿಮ್ಮ ಕಡೆಗಿದ್ದರೆ ಅಲ್ಲಿ ನೀರೊಳಗೆ ಬಂಡೆ ಇದೆ, ದೂರ ಹೋಗಿ. ಬಂಡೆಗೆ ತಾಗಿಯೇ ಬಿಟ್ಟರೆ ಹೆದರಿ ಆಚೆ ವಾಲಬೇಡಿ, ಬಂಡೆಯ ಕಡೆಗೇ ವಾಲಿ, ಅದನ್ನು ತಬ್ಬಿಕೊಳ್ಳಿ. ಆಚೆ ವಾಲಿದರೆ ಸೆಳವು ದೋಣಿಯನ್ನು ಮಗುಚುತ್ತದೆ. ಬಿದ್ದರೆ ಅಂಗಾತ ತೇಲಿ, ಕಾಲು ಮುಂದೆ ಇರಲಿ.

ಪಾಠ ಹೇಳಿದವರು ಮಾವೊರಿ ಜನ, ನ್ಯೂಜಿಲೆಂಡಿನ ಮೂಲನಿವಾಸಿಗಳು. ಹೊರಡುವ ಮುಂಚೆ ಟೋಪಿ ತೆಗೆದು ಸಣ್ಣ ಪ್ರಾರ್ಥನೆ ಹೇಳಿದರು. ಆಮೇಲೆ ನೀರಿಗೆ ಕೈ ಅದ್ದಿ ಹಣೆಗೆ ಮುಟ್ಟಿಸಿಕೊಂಡರು. ನನ್ನ ಕೈ ತಾನಾಗಿಯೇ ನೀರಿಗೆ ಹೋಯಿತು. ಅಜ್ಜಿ ಕಾವೇರಿಗೆ ಇಳಿಯುವ ಮುಂಚೆ ಮಾಡುತ್ತಿದ್ದದ್ದೂ ಅದೇ. ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡು ತಲೆಗೆ ಚಿಮುಕಿಸಿಕೊಂಡೇ ಮೊದಲ ಮೆಟ್ಟಿಲು ಇಳಿಯುತ್ತಿದ್ದಳು.

ಮೊದಲ ದಿನದ ನೀರು ತೆಳ್ಳಗೆ. ಕಯಾಕಿನ ಹೊಟ್ಟೆ ಬೆಣಚುಕಲ್ಲಿಗೆ ಕರ್ ಕರ್ ಎಂದು ಉಜ್ಜುತ್ತಿತ್ತು. ಎರಡು ಕಡೆ ಇಳಿದು ಎಳೆದೆವು. ಈ ಹೊಳೆಯ ಮೇಲ್ಭಾಗದ ನೀರಿನ ಒಂದು ಪಾಲನ್ನು 1970ರ ದಶಕದಿಂದ ವಿದ್ಯುತ್ತಿಗೆ ಅಂತ ಸುರಂಗದಲ್ಲಿ ಬೇರೆ ಕಡೆಗೆ ತಿರುಗಿಸಿದ್ದಾರೆ. ಆ ನೀರು ಟೌಪೊ ಸರೋವರ ಸೇರಿ ವೈಕಾಟೊ ಅನ್ನುವ ಬೇರೆಯದೇ ಹೊಳೆಯಾಗಿ ಹರಿಯುತ್ತದೆ. ಸಂಜೆ ಟೆಂಟ್ ಹಾಕಿದಾಗ ಚಿಲಿ ಹುಡುಗ ಈ ವಿಷಯ ಎತ್ತಿ ಸುಮ್ಮನಾದ. ಯಾಕೆ ಅಂತ ಗೊತ್ತಾಗಿದ್ದು ನಾಲ್ಕನೇ ದಿನ.

ಎರಡನೇ ದಿನ: ವಾಕಹೊರೊ, 35 ಕಿಲೋಮೀಟರ್

ಮಳೆ. ಇಡೀ ದಿನ ಜಿನುಗು ಮಳೆ. ಹುಟ್ಟು ಹಿಡಿದು ಹಿಡಿದು ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ನರ್ಸಮ್ಮ ಪ್ಲಾಸ್ಟರ್ ಸುತ್ತಿ, "ಕೈಯಿಂದ ಎಳೀಬೇಡ, ಸೊಂಟದಿಂದ ತಿರುಗು" ಅಂದಳು. ಅದು ಸರಿಯಾದ ಮಾತು. ಹುಟ್ಟು ಹಾಕುವುದು ತೋಳಿನ ಕೆಲಸ ಅಲ್ಲವೇ ಅಲ್ಲ. ಬೀಸುವ ಕಲ್ಲು ತಿರುಗಿಸುವಾಗ ಮೈ ಹೇಗೆ ಜೊತೆಗೆ ತೂಗುತ್ತದೋ ಹಾಗೆ ತೂಗಬೇಕು. ಆ ಲಯ ಸಿಕ್ಕ ಮೇಲೆ ನೋವು ಕಡಿಮೆಯಾಯಿತು.

ದಾರಿಯಲ್ಲಿ ಮರಾಯೆಕೊವಾಯ್ ಅನ್ನುವ ಜಾಗದಲ್ಲಿ ಇಳಿದು ನಡೆದರೆ 1860ರ ದಶಕದ ಎರಡು ಎತ್ತರದ ಕಂಬಗಳು. ಬ್ರಿಟಿಷರ ವಿರುದ್ಧ ಯುದ್ಧ ನಡೆದ ಕಾಲದ್ದು. ಒಂದು ಯುದ್ಧದ ಕಂಬ, ಇನ್ನೊಂದು ಶಾಂತಿಯ ಕಂಬ. ಮಳೆಯಲ್ಲಿ ನೆನೆಯುತ್ತಾ ಸ್ವಲ್ಪ ಹೊತ್ತು ನಿಂತು ಬಂದೆವು.

ವಾಕಹೊರೊದಲ್ಲಿ ಹಳೆಯ ಶಾಲೆಯೊಂದನ್ನೇ ಮಲಗುವ ಕೋಣೆ ಮಾಡಿದ್ದಾರೆ. ಬಟ್ಟೆ ಒಣಗಲು ಹಾಕಿ ಬಿದ್ದುಕೊಂಡೆವು.

ಮೂರನೇ ದಿನ: ಜಾನ್ ಕೌಲ್ ಹಟ್, 37.5 ಕಿಲೋಮೀಟರ್

ವಾಕಹೊರೊ ದಾಟಿದ ಮೇಲೆ ಪಿಪಿರಿಕಿವರೆಗೆ ಹೊಳೆಯ ಪಕ್ಕ ರಸ್ತೆ ಇಲ್ಲ. ಊರಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಇಲ್ಲಿಂದ ಕಣಿವೆ ಶುರು.

ಎರಡೂ ಕಡೆ ಬೂದು ಮಣ್ಣುಕಲ್ಲಿನ ಗೋಡೆ. ಇದಕ್ಕೆ ಅಲ್ಲಿನವರು ಪಾಪಾ ಅನ್ನುತ್ತಾರೆ. ಉಗುರಿನಲ್ಲಿ ಗೀರಿದರೆ ಗೀರು ಬೀಳುವಷ್ಟು ಮೆತ್ತಗಿನ ಕಲ್ಲು. ಅದರ ಮೈಯೆಲ್ಲ ಪಾಚಿ, ಪಾಚಿಯ ತುದಿಯಿಂದ ತೊಟ್ಟಿಕ್ಕುವ ನೀರು. ಮೇಲೆ ಮರದಷ್ಟು ಎತ್ತರದ ಜರೀಗಿಡಗಳು. ಮಳೆ ನಿಂತ ಮರುದಿನದ ಆಗುಂಬೆ ಘಾಟಿ ನೋಡಿದವರಿಗೆ ಆ ಹಸಿರು ಗೊತ್ತು. ಅದನ್ನು ಹತ್ತಾರು ಕಿಲೋಮೀಟರ್ ಎಳೆದು ನಡುವೆ ಕಂದು ನೀರು ಬಿಟ್ಟ ಹಾಗೆ. ನೀರು ಕೊಳಕಲ್ಲ, ಆ ಕಲ್ಲೇ ಕರಗಿ ನೀರಿಗೆ ಬಣ್ಣ ಕೊಡುತ್ತದೆ.

ಮಧ್ಯಾಹ್ನ ಎಲ್ಲರೂ ಹುಟ್ಟು ಮಡಿಲಲ್ಲಿಟ್ಟು ಸುಮ್ನೆ ತೇಲಿದೆವು. ಒಂದು ತೂಯಿ ಹಕ್ಕಿ ಗಂಟೆ ಬಾರಿಸಿದ ಹಾಗೆ ಕೂಗಿ, ಕೊನೆಗೆ ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮಿತು. ಬಂಡೆಯ ಮೇಲೆ ಕಾಡುಮೇಕೆಗಳು ನಿಂತು ನಮ್ಮನ್ನೇ ನೋಡುತ್ತಿದ್ದವು.

ಒಂದು ತಿರುವಿನಲ್ಲಿ ಚಿಲಿ ಹುಡುಗ ಕೂಗಿ ಕರೆದ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕಲ್ಲಿನಲ್ಲಿ ಸಾಲಾಗಿ ಗುಳಿಗಳು. ಮುಷ್ಟಿ ಹಿಡಿಸುವಷ್ಟು ದೊಡ್ಡವು, ಒಳಗೆ ನುಣ್ಣಗೆ. ಹಿಂದೆ ಮಾವೊರಿಗಳು ದೋಣಿಯನ್ನು ಹೊಳೆಗೆ ಎದುರಾಗಿ ಮೇಲಕ್ಕೆ ತರುವಾಗ ಗಳು ಊರಿ ನೂಕುತ್ತಿದ್ದರು. ಎಷ್ಟೋ ತಲೆಮಾರು ಅದೇ ಜಾಗಕ್ಕೆ ಗಳು ಊರಿ ಊರಿ ಬಿದ್ದ ಗುಳಿಗಳಿವು. ನಾನು ಒಂದರೊಳಗೆ ಕೈ ಹಾಕಿದೆ. ತಣ್ಣಗಿತ್ತು. ನಮ್ಮ ಊರಿನ ಹಳೇ ಬಾವಿಯ ಕಟ್ಟೆಕಲ್ಲಿನಲ್ಲಿ ಹಗ್ಗ ಕೊರೆದ ಗೆರೆಗಳಿವೆ. ಚಿಕ್ಕವಳಿದ್ದಾಗ ಆ ಗೆರೆಗಳ ಒಳಗೆ ಬೆರಳು ಇಟ್ಟು ಆಡುತ್ತಿದ್ದೆ. ಥೇಟ್ ಅದೇ ನುಣುಪು.

ಈ ಹೊಳೆ ಹುಟ್ಟಿದ ಕಥೆಯನ್ನು ಆ ರಾತ್ರಿ ಹಟ್ಟಿನಲ್ಲಿ, ಅಂದರೆ ನಾವು ತಂಗಿದ್ದ ಮನೆಯಲ್ಲಿ, ಅರಣ್ಯ ಇಲಾಖೆಯ ಕಾವಲುಗಾರ್ತಿ ಹೇಳಿದಳು. ಟೊಂಗರಿರೊ, ತರನಾಕಿ ಎರಡೂ ಬೆಟ್ಟಗಳು. ಇಬ್ಬರೂ ಪಿಹಂಗಾ ಅನ್ನುವ ಬೆಟ್ಟದಮ್ಮನ ಮೇಲೆ ಆಸೆಪಟ್ಟು ಕಾದಾಡಿದರು. ಸೋತ ತರನಾಕಿ ಪಡುವಣದ ಕಡೆಗೆ ಓಡಿದ. ಓಡಿದ ದಾರಿಯೆಲ್ಲ ನೆಲ ಸೀಳಿಹೋಯಿತು. ನೆಲದ ಆ ಗಾಯ ಮಾಯಲಿ ಅಂತ ಟೊಂಗರಿರೊ ತನ್ನ ಮೈಯಿಂದ ನೀರು ಹರಿಸಿದ. ಅದೇ ವಾಂಗನುಯಿ. ತರನಾಕಿ ಇವತ್ತಿಗೂ ದೂರದ ಪಶ್ಚಿಮ ಕಡಲ ತೀರದಲ್ಲಿ ಒಂಟಿಯಾಗಿ ನಿಂತಿದ್ದಾನೆ.

ಕತ್ತಲಾಗುವ ಹೊತ್ತಿಗೆ ಹಟ್ಟಿನ ಮುಂದೆ ಹೆಬ್ಬೆರಳಿನಷ್ಟು ಸಣ್ಣ ಬಾವಲಿಗಳು ಹಾರಾಡಿದವು. ಮನುಷ್ಯರು ಬರುವ ಮುಂಚೆ ಆ ದೇಶದ ನೆಲದ ಮೇಲಿದ್ದ ಸಸ್ತನಿ ಅಂದರೆ ಬಾವಲಿ ಮಾತ್ರ.

ನಾಲ್ಕನೇ ದಿನ: ಟಿಯೆಕೆ, 29 ಕಿಲೋಮೀಟರ್

ದಾರಿಯಲ್ಲಿ ಮಂಗಪುರುವಾ ಅನ್ನುವ ಕಡೆ ದೋಣಿ ಕಟ್ಟಿ ಕಾಡಿನಲ್ಲಿ ಮುಕ್ಕಾಲು ಗಂಟೆ ನಡೆದೆವು. ಕಾಡಿನ ನಡುವೆ ಒಂದು ದೊಡ್ಡ ಕಾಂಕ್ರೀಟ್ ಸೇತುವೆ. ಕೆಳಗೆ ಆಳದಲ್ಲಿ ತೊರೆ. ಆಚೆಗೂ ಕಾಡು, ಈಚೆಗೂ ಕಾಡು. 'ಎಲ್ಲಿಗೂ ಹೋಗದ ಸೇತುವೆ' ಅಂತಲೇ ಅದರ ಹೆಸರು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತು. ಅವರು ಕಾಡು ಕಡಿದರು, ಮನೆ ಕಟ್ಟಿದರು, ಕುರಿ ಸಾಕಿದರು. ಮರ ಹೋದ ಮೇಲೆ ಆ ಮೆತ್ತಗಿನ ಗುಡ್ಡಗಳು ಮಳೆಗೆ ಕುಸಿಯತೊಡಗಿದವು, ರಸ್ತೆ ನಿಲ್ಲಲಿಲ್ಲ. 1936ರಲ್ಲಿ ಸೇತುವೆ ಮುಗಿಯುವ ಹೊತ್ತಿಗೆ ಬಹಳಷ್ಟು ಜನ ಬಿಟ್ಟು ಹೋಗಿದ್ದರು. 1942ರಲ್ಲಿ ಕೊನೆಯವರೂ ಹೋದರು. ಯುದ್ಧದಲ್ಲಿ ಬದುಕಿ ಬಂದವರು ಮಣ್ಣಿಗೆ ಸೋತು ಸಾಮಾನು ಹೊತ್ತು ಹೊರಟದ್ದನ್ನು ನೆನೆದರೆ ಹೊಟ್ಟೆ ಹಿಂಡಿದಂತಾಯಿತು.

ಸಂಜೆ ನಾಲ್ಕಕ್ಕೆ ಟಿಯೆಕೆ. ಇದು ಪ್ರವಾಸಿಗರ ಹಟ್ಟೂ ಹೌದು, ಮಾವೊರಿಗಳ ಮರಾಯೆಯೂ ಹೌದು. ಮರಾಯೆ ಅಂದರೆ ಒಂದು ಕುಲದವರು ಸೇರುವ ಜಾಗ, ಅವರ ಹಟ್ಟಿ. ಇಲ್ಲಿ ಅವರ ಪೂರ್ವಿಕರ ಊರಿತ್ತು. 1990ರ ದಶಕದಲ್ಲಿ ಆ ಕುಟುಂಬದವರು ಮರಳಿ ಬಂದು ಇದು ನಮ್ಮದು ಅಂತ ಕೂತರು. ಮನೆಯವರು ಇದ್ದ ದಿನ ಬಂದವರಿಗೆ ಶಾಸ್ತ್ರೋಕ್ತ ಸ್ವಾಗತ ಇರುತ್ತದೆ. ನಮ್ಮ ಅದೃಷ್ಟ, ಅವತ್ತು ಇದ್ದರು.

ಕೆತ್ತನೆಯ ಕಂಬದ ಹತ್ತಿರ ನಿಂತು ಒಬ್ಬ ಹಿರಿಯ ಹೆಂಗಸು ನೀಳವಾಗಿ ಕೂಗಿ ಕರೆದರು. ಮೈ ಜುಮ್ಮೆಂದಿತು. ನಿಧಾನಕ್ಕೆ ನಡೆದು ಹೋದೆವು. ಮೂಗಿಗೆ ಮೂಗು ಒತ್ತಿ ಉಸಿರು ಹಂಚಿಕೊಂಡೆವು. ಚಪ್ಪಲಿ ಹೊರಗೆ ಬಿಡಬೇಕು. ಊಟದ ಮೇಜಿನ ಮೇಲೆ ಕೂರಬಾರದು. ಕುಡಿಯುವಂತಿಲ್ಲ. ಉಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಯಿತು. ನನಗೆ ನಮ್ಮ ಮನೆಗೇ ಬಂದ ಹಾಗಿತ್ತು. ಆ ಹಿರಿಯರನ್ನು ಏನಂತ ಕರೆಯಲಿ ಅಂತ ಕೇಳಿದೆ. "ಆಂಟಿ ಅನ್ನು, ಇಲ್ಲಿ ಎಲ್ಲರೂ ಹಾಗೇ ಅನ್ನೋದು" ಅಂದರು. ಮಂಡ್ಯದಲ್ಲೂ ಹಾಗೇ ಆಂಟಿ ಅಂದೆ. ಜೋರಾಗಿ ನಕ್ಕರು.

ಊಟಕ್ಕೆ ಮುಂಚೆ ಎಲ್ಲರೂ ಪರಿಚಯ ಹೇಳಿಕೊಳ್ಳಬೇಕಿತ್ತು. ಅವರ ಪದ್ಧತಿಗೆ ಪೆಪೆಹಾ ಅಂತ ಹೆಸರು. ನಿನ್ನ ಹೆಸರೇನು, ಏನು ಕೆಲಸ ಅಂತ ಶುರುವಾಗುವುದಿಲ್ಲ. ನಿನ್ನ ಬೆಟ್ಟ ಯಾವುದು? ನಿನ್ನ ಹೊಳೆ ಯಾವುದು? ಹೆಸರು ಕೊನೆಗೆ. ಆಂಟಿ ಮೊದಲು ತಮ್ಮದು ಹೇಳಿ, ಈ ಹೊಳೆಯ ಜನರ ಮಾತು ಸೇರಿಸಿದರು: "ಕೊ ಆಉ ತೆ ಆವಾ, ಕೊ ತೆ ಆವಾ ಕೊ ಆಉ." ನಾನೇ ಹೊಳೆ, ಹೊಳೆಯೇ ನಾನು.

ನರ್ಸಮ್ಮ ಎಲ್ಬೆ ಅಂದಳು. ಬುಸಾನಿನ ಹುಡುಗಿ ನಾಕ್ಡೊಂಗ್ ಅಂದಳು. ಚಿಲಿ ಹುಡುಗನದು ಬಿಯೊಬಿಯೊ. ಅವನು ಹೇಳುತ್ತಾ ಹೋದ. ಒಂದು ಕಾಲಕ್ಕೆ ಜಗತ್ತಿನ ಕಯಾಕಿನವರೆಲ್ಲ ಬಯಸಿ ಬರುತ್ತಿದ್ದ ಹೊಳೆ. 1996ರಲ್ಲಿ ಒಂದು ಅಣೆಕಟ್ಟು, 2004ರಲ್ಲಿ ಇನ್ನೊಂದು. ಅಪ್ಪ ಹುಟ್ಟು ಹಾಕುತ್ತಿದ್ದ ರ್‍ಯಾಪಿಡ್‌ಗಳೆಲ್ಲ, ಬಂಡೆಗಳ ಮೇಲೆ ನೀರು ನೊರೆಯೆದ್ದು ನುಗ್ಗುವ ಆ ಜಾಗಗಳೆಲ್ಲ, ಈಗ ಹಿನ್ನೀರಿನ ಅಡಿಯಲ್ಲಿವೆ. ಅಲ್ಲಿದ್ದ ಪೆಹುಯೆಂಚೆ ಬುಡಕಟ್ಟಿನವರು ಮನೆ, ಸ್ಮಶಾನ ಎಲ್ಲ ಬಿಟ್ಟು ಮೇಲೆ ಹೋದರು. "ನನ್ನ ಹೊಳೆ ಇದೆ, ಆದರೆ ಅದರ ದನಿ ಇಲ್ಲ" ಅಂದ. ಯಾರೂ ಮಾತಾಡಲಿಲ್ಲ. ಆಂಟಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತರು.

ನನ್ನ ಸರದಿ ಬಂತು. ನನ್ನ ಬೆಟ್ಟ ಕರಿಘಟ್ಟ. ನನ್ನ ಹೊಳೆ ಕಾವೇರಿ. ಇಷ್ಟು ಹೇಳಿದ್ದಕ್ಕೆ ಗಂಟಲು ಕಟ್ಟಿತು. ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಮಾತಿನ ನಂತರ ಬಂದವರು ಒಂದು ಹಾಡು ಹೇಳುವುದು ಅಲ್ಲಿನ ಕ್ರಮ. ನಮ್ಮ ಕಡೆ ಮದುವೆಯಲ್ಲಿ ಗಂಗೆಪೂಜೆಗೆ ಹೊಳೆಗೆ ಹೋಗುವಾಗ ಹೆಂಗಸರು ಹೇಳುವ ಸೋಬಾನೆ ಪದ ನೆನಪಾಯಿತು. ಅಜ್ಜಿಯಿಂದ ಕಲಿತದ್ದು. ಅದನ್ನೇ ಹೇಳಿದೆ. ಸೋಬಾನೆ ಅನ್ನುವಲ್ಲಿ ಆಂಟಿ ದನಿ ಸೇರಿಸಿದರು.

ರಾತ್ರಿ ಅಡುಗೆ ನನ್ನದು. ಆಕ್ಲೆಂಡಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ರವೆ, ಸಾಸಿವೆ, ಕಡಲೆಬೇಳೆ. ಕರಿಬೇವು ಇರಲಿಲ್ಲ. ಎಲ್ಲರಿಗೂ ಉಪ್ಪಿಟ್ಟು ಕೆದಕಿದೆ. ಆಂಟಿಯ ತಮ್ಮ ಎರಡು ಸಲ ಹಾಕಿಸಿಕೊಂಡರು.

ಊಟದ ಮೇಲೆ ಆಂಟಿ ಹೊಳೆಯ ಕೇಸಿನ ವಿಷಯ ಹೇಳಿದರು. 1870ರ ದಶಕದಿಂದಲೇ ಅವರ ಹಿರಿಯರು ಸರ್ಕಾರಕ್ಕೆ ಅರ್ಜಿ ಕೊಡುತ್ತಿದ್ದರು. ಹಬೆ ದೋಣಿಗಳು ಬಂದಾಗ ಅವಕ್ಕೆ ದಾರಿ ಮಾಡಲು ಹಾವುಮೀನು ಹಿಡಿಯುವ ಅವರ ಬೇಲಿಗಳನ್ನು ಕಿತ್ತು ಹಾಕಿದರು. ಹೊಳೆಯ ತಳ ಯಾರದು ಅಂತ 1938ರಲ್ಲಿ ಕೋರ್ಟಿಗೆ ಹೋದ ವ್ಯಾಜ್ಯ 1962ರವರೆಗೆ ನಡೆಯಿತು, ಸೋತರು. ಬಿಡಲಿಲ್ಲ. 2017ರ ಮಾರ್ಚಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಬೆಟ್ಟದಿಂದ ಕಡಲಿನವರೆಗೆ ಈ ಹೊಳೆ ಒಂದೇ ಜೀವ, ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ. ಅದರ ಪರವಾಗಿ ಮಾತಾಡಲು ಇಬ್ಬರು, ಸರ್ಕಾರದಿಂದ ಒಬ್ಬರು, ಹೊಳೆಯ ಜನರಿಂದ ಒಬ್ಬರು. ಅದೇ ತಿಂಗಳು ನಮ್ಮ ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಯರನ್ನೂ ವ್ಯಕ್ತಿ ಅಂತ ಸಾರಿತ್ತು. ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಇದನ್ನು ನಾನು ಹೇಳಿದಾಗ ಆಂಟಿ ಕೇಳಿದ್ದು ಒಂದೇ: "ಕೋರ್ಟು ಇರಲಿ. ನೀವು ಅದನ್ನ ಅಮ್ಮ ಅಂತೀರಿ ಅಲ್ವಾ? ಅಮ್ಮನ್ನ ಹೇಗೆ ನೋಡ್ಕೊಂಡಿದ್ದೀರಿ?" ನನ್ನ ಹತ್ತಿರ ಕೊಡುವಂಥ ಉತ್ತರ ಇರಲಿಲ್ಲ. ಅವತ್ತು ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಐದನೇ ದಿನ: ಪಿಪಿರಿಕಿ, 21.5 ಕಿಲೋಮೀಟರ್

ಕೊನೆಯ ದಿನವೇ ದೊಡ್ಡ ರ್‍ಯಾಪಿಡ್‌ಗಳು. ಎಂಜಿನ್ ದೋಣಿಗಳೂ ಓಡಾಡುತ್ತವೆ, ಸದ್ದು ಕೇಳಿದ ಕೂಡಲೇ ಬಲಕ್ಕೆ ಸರಿಯಬೇಕು. ಙಾಪೊರೊ ರ್‍ಯಾಪಿಡ್ ಚೆನ್ನಾಗಿ ದಾಟಿದೆವು. ಆಮೇಲೆ ಆಉಟಪು. ಅದಕ್ಕೆ ಜನ 'ಫಿಫ್ಟಿ ಫಿಫ್ಟಿ' ಅನ್ನುತ್ತಾರೆ. ಇಬ್ಬರು ಹೋದರೆ ಒಬ್ಬರು ಮಗುಚುತ್ತಾರೆ ಅಂತ.

ಮುಂಚೆ ಇಳಿದು ದಡದ ಕಲ್ಲಿನ ಮೇಲೆ ನಿಂತು ನೋಡಿದೆವು. 'ವಿ'ಯ ಬಾಯಿ ಸರಿಯಾಗಿ ಕಾಣುತ್ತಿತ್ತು. ಅದರ ತುದಿಯಲ್ಲಿ ಸಾಲು ಅಲೆಗಳು, ಬಲಕ್ಕೆ ನೀರು ಹಿಂದಕ್ಕೆ ತಿರುಗುವ ಸುಳಿ. ಚಿಲಿ ಹುಡುಗ ಮೊದಲು ಹೋಗಿ ಕೆಳಗೆ ಹಗ್ಗ ಹಿಡಿದು ಕಾದ. ಇಬ್ಬರು ದೋಣಿಯಲ್ಲಿ ಹೋದರು, ಅರ್ಧ ದೋಣಿ ನೀರು ತುಂಬಿಕೊಂಡರೂ ಮಗುಚಲಿಲ್ಲ. ನಾನು ಕೊನೆಗೆ.

ಬಾಯಿಯೊಳಗೆ ಸರಿಯಾಗಿಯೇ ಹೋದೆ. ಮೂರನೇ ಅಲೆಯ ಮೇಲೆ ಒಂದೇ ಒಂದು ಸಲ ಹುಟ್ಟು ಹಾಕುವುದು ನಿಲ್ಲಿಸಿದೆ. ಅಷ್ಟು ಸಾಕಾಯಿತು. ಮೂತಿ ಸುಳಿಗೆ ಸಿಕ್ಕಿತು, ಕಯಾಕ್ ಅಡ್ಡ ತಿರುಗಿತು, ಮುಂದಿನದು ಕಂದು ನೀರು. ಕಿವಿಯೊಳಗೆಲ್ಲ ಕಲ್ಲುಗಳು ಉರುಳುವ ಸದ್ದು. ಹೊಳೆಯ ತಳದಲ್ಲಿ ಅಷ್ಟು ಸದ್ದಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹೊರಗೆ ಬಂದೆ. ಅಂಗಾತ, ಕಾಲು ಮುಂದೆ. ಹಗ್ಗ ಎದೆಯ ಮೇಲೇ ಬಂದು ಬಿತ್ತು. ಮೂವರೂ ಸೇರಿ ಎಳೆದರು. ನರ್ಸಮ್ಮ ಮೊದಲು ಬೆರಳು ಎಣಿಸಿದಳು, ಆಮೇಲೆ ತಬ್ಬಿಕೊಂಡಳು. ಹುಟ್ಟು ಕೆಳಗಿನ ತಿರುವಿನಲ್ಲಿ ತೇಲುತ್ತಾ ನಮಗೇ ಕಾದಿತ್ತು.

ಮತ್ತೆ ಕಯಾಕಿಗೆ ಹತ್ತುವ ಮುಂಚೆ ಒಂದು ಬೊಗಸೆ ನೀರು ತೆಗೆದು ತಲೆಗೆ ಹಾಕಿಕೊಂಡೆ. ಆಗಲೇ ಪೂರಾ ನೆಂದಿದ್ದೆ. ಆದರೂ ಹಾಕಿಕೊಂಡೆ. ಚಿಲಿ ಹುಡುಗ ನೋಡಿದ, ತಾನೂ ಹಾಗೇ ಮಾಡಿದ.

ಮಧ್ಯಾಹ್ನ ಪಿಪಿರಿಕಿ. ಕೆಸರು ತೊಳೆದು ದೋಣಿಗಳನ್ನು ವ್ಯಾನಿನ ಹಿಂದಿನ ಗಾಡಿಗೆ ಏರಿಸಿದೆವು. ರಾಯೆಟಿಹಿ ಊರು ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಅಲ್ಲಿ ಮೂರು ಗಂಟೆ, ನಮ್ಮಲ್ಲಿ ಬೆಳಿಗ್ಗೆ ಏಳೂವರೆ. ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಹೊಳೆಲಿ ಎಷ್ಟು ಮೆಟ್ಟಿಲು ಕಾಣ್ತಿದೆ?"

"ಏನವ್ವ, ಐದು ದಿನ ಆದ್ಮೇಲೆ ಫೋನ್ ಮಾಡಿ ಇದನ್ನ ಕೇಳ್ತೀಯಲ್ಲ. ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಿ. ಎಷ್ಟು ಕಾಣ್ತಿದೆ ಹೇಳು."

"ನಾನೂ ಆ ಕಡೆ ಹೋಗಿ ಯಾವ ಕಾಲ ಆಯ್ತೋ. ಇರವ್ವ, ನೋಡ್ಕೊಂಡು ಹೇಳ್ತೀನಿ."

ಫೋನ್ ಇಡಲಿಲ್ಲ. ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ಚಪ್ಪಲಿಯ ಸದ್ದು. ಯಾರೋ ದಾರಿಯಲ್ಲಿ "ಎಲ್ಲಿಗೆ ಹೊರಟ್ರಿ ಬೆಳಿಗ್ಗೇನೇ?" ಅಂತ ಕೇಳಿದರು. "ಹೊಳೆಗೆ" ಅಂದಳು ಅಮ್ಮ.